ಕೃತಕ ಸಿಹಿಕಾರಕಗಳು ಮತ್ತು ಕೆರಳು ಕರುಳು

ಸಕ್ಕರೆಯಿಲ್ಲದೆ ಸಿಹಿ ಕೊಡುವ ಪದಾರ್ಥಗಳನ್ನೆಲ್ಲ 'ಶುಗರ್ ಫ್ರೀ' ಎಂಬ ಒಂದೇ ಹೆಸರಿನಡಿ ಮಾರುವುದು ಅಂಗಡಿಯ ವಾಡಿಕೆ. ಆ ಸಾಲಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಹೊಟ್ಟೆಗೆ ಹೋಗುವ ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್‌ಗಳಿವೆ. ಗ್ರಾಂಗಟ್ಟಲೆ ಹೋಗುವ ಸಾರ್ಬಿಟಾಲ್, ಮ್ಯಾನಿಟಾಲ್, ಮಾಲ್ಟಿಟಾಲ್‌ಗಳೂ ಇವೆ. ಮೊದಲಿನವು ತೀವ್ರ ಸಿಹಿಕಾರಕಗಳು. ಎರಡನೆಯವು ಪಾಲಿಯಾಲ್‌ಗಳು, ಇವಕ್ಕೆ ಸಕ್ಕರೆ ಆಲ್ಕೊಹಾಲ್‌ಗಳೆಂಬ ಹೆಸರೂ ಇದೆ, ಅಮಲಿಗೂ ಇವಕ್ಕೂ ನಂಟಿಲ್ಲ. ಹಲ್ಲು ಹುಳುಕಾಗದಂತೆ, ರಕ್ತದ ಸಕ್ಕರೆ ಏರದಂತೆ ನೋಡಿಕೊಳ್ಳುವವರಿಗೆ ಈ ಎರಡು ಗುಂಪುಗಳಿಂದಲೂ ಪ್ರಯೋಜನ ಉಂಟು. ಆದರೆ ಹೊಟ್ಟೆ ನುಲಿತ, ಉಬ್ಬರ, ಭೇದಿ, ಮಲಬದ್ಧತೆಗಳ ನಡುವೆ ದಿನ ದೂಡುವ, ವೈದ್ಯರು ಐಬಿಎಸ್ ಎಂದು ಗುರುತಿಸುವ ಕೆರಳು ಕರುಳಿನವರಿಗೆ ಎರಡೂ ಒಂದೇ ಅಲ್ಲ. ಅವರ ಮಟ್ಟಿಗೆ ಸಿಹಿಕಾರಕ ಕೃತಕವೋ ಸಹಜವೋ ಎಂಬುದು ಗೌಣ. ಅದರ ಎಷ್ಟು ಗ್ರಾಂ ಸಣ್ಣ ಕರುಳಿನಲ್ಲಿ ಹೀರಿಕೆಯಾಗದೆ ದೊಡ್ಡ ಕರುಳನ್ನು ಮುಟ್ಟುತ್ತದೆ ಎಂಬುದೇ ನಿರ್ಣಾಯಕ. ಈ ಅಳತೆಯಲ್ಲಿ ತೂಗಿದರೆ ಪಾಲಿಯಾಲ್‌ಗಳ ಮೇಲಿನ ಆರೋಪ ಬಹುಮಟ್ಟಿಗೆ ರುಜುವಾತಾಗಿದೆ. ತೀವ್ರ ಸಿಹಿಕಾರಕಗಳ ಮೇಲಿನದು ಇನ್ನೂ ಅನುಮಾನದ ಹಂತ ದಾಟಿಲ್ಲ.

ತೀವ್ರ ಸಿಹಿಕಾರಕಗಳ ಚರಿತ್ರೆ ಎಂದರೆ ಪ್ರಯೋಗಶಾಲೆಯ ಅಶಿಸ್ತಿನ ಚರಿತ್ರೆಯೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಐರಾ ರೆಮ್ಸೆನ್ ಅವರ ಪ್ರಯೋಗಶಾಲೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಫಾಲ್ಬರ್ಗ್ 1879ರಲ್ಲಿ ಕೈ ತೊಳೆಯದೆ ಊಟಕ್ಕೆ ಕೂತರು. ಕೈಗೆ ಮೆತ್ತಿದ್ದ ಸ್ಯಾಕರಿನ್ ಬ್ರೆಡ್ಡಿಗೆ ಸಿಹಿ ಹತ್ತಿಸಿತು. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮೈಕೆಲ್ ಸ್ವೇಡಾ ಪ್ರಯೋಗದ ಮೇಜಿನ ಮೇಲಿಟ್ಟಿದ್ದ ಸಿಗರೇಟನ್ನು ಮತ್ತೆ ತುಟಿಗೇರಿಸಿದಾಗ ಸೈಕ್ಲಮೇಟ್ ಪತ್ತೆಯಾಯಿತು. 1965ರಲ್ಲಿ ಜೇಮ್ಸ್ ಶ್ಲಾಟರ್ ಹಾಳೆ ಎತ್ತಿಕೊಳ್ಳಲು ಬೆರಳು ನೆಕ್ಕಿದರು, ಆಸ್ಪರ್ಟೇಮ್ ಸಿಕ್ಕಿತು. ಅವರು ಆಗ ಹುಡುಕುತ್ತಿದ್ದುದು ಹೊಟ್ಟೆ ಹುಣ್ಣಿನ ಔಷಧಿಗೆ ನೆರವಾಗುವ ಸಂಯುಕ್ತವನ್ನು. 1967ರಲ್ಲಿ ಜರ್ಮನಿಯಲ್ಲಿ ಅಸಿಸಲ್ಫೇಮ್ ಬಂತು. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಭಾರತೀಯ ಸಂಶೋಧಕ ಶಶಿಕಾಂತ ಫಡ್ನಿಸ್, ಹಿರಿಯರಾದ ಲೆಸ್ಲಿ ಹಫ್ 'ಟೆಸ್ಟ್' ಮಾಡು ಎಂದದ್ದನ್ನು 'ಟೇಸ್ಟ್' ಮಾಡು ಎಂದು ಕೇಳಿಸಿಕೊಂಡು ಕ್ಲೋರಿನ್ ಸೇರಿಸಿದ ಸಕ್ಕರೆಯ ರುಚಿ ನೋಡಿದರೆಂಬುದು ಸುಕ್ರಲೋಸ್‌ನ ಪ್ರಸಿದ್ಧ ಕಥೆ. ಸಿಹಿಯಲ್ಲಿ ಆಸ್ಪರ್ಟೇಮ್ ಮತ್ತು ಅಸಿಸಲ್ಫೇಮ್ ಸಕ್ಕರೆಯ ಸುಮಾರು 200 ಪಟ್ಟು, ಸ್ಯಾಕರಿನ್ 300 ಪಟ್ಟಿಗೂ ಮೇಲೆ, ಸುಕ್ರಲೋಸ್ 600 ಪಟ್ಟು. ಮುಂದಿನ ಮಿಲಿಗ್ರಾಂ ಲೆಕ್ಕಕ್ಕೆ ಈ ಸಂಖ್ಯೆಗಳೇ ಆಧಾರ.

ಪಾಲಿಯಾಲ್‌ಗಳ ದಾರಿ ಬೇರೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸ್ಸೆಂಗೊ 1872ರಲ್ಲಿ ರೋವನ್ ಮರದ ಹಣ್ಣಿನಿಂದ ಸಾರ್ಬಿಟಾಲ್ ಅನ್ನು ಬೇರ್ಪಡಿಸಿದರು. ಸೇಬು, ಪೇರ್, ಪೀಚ್, ಒಣ ಪ್ಲಮ್ಮುಗಳಲ್ಲಿ ಅದು ತಾನಾಗಿಯೇ ಇರುತ್ತದೆ. ಹೂಕೋಸು, ಅಣಬೆಗಳಲ್ಲಿ ಮ್ಯಾನಿಟಾಲ್ ಇರುತ್ತದೆ. ಕಾರ್ಖಾನೆಯಲ್ಲಿ ಮೆಕ್ಕೆಜೋಳದಂಥ ಪಿಷ್ಟದಿಂದ ಗ್ಲೂಕೋಸ್ ತೆಗೆದು, ಅದಕ್ಕೆ ಹೈಡ್ರೋಜನ್ ಸೇರಿಸಿ ಸಾರ್ಬಿಟಾಲ್ ತಯಾರಿಸುತ್ತಾರೆ. ಸಿಹಿ ಸಕ್ಕರೆಗಿಂತ ಕಡಿಮೆ, ಸುಮಾರು ಶೇ 60. ಆದರೂ ತಯಾರಕರಿಗೆ ಇದು ಬೇಕೇ ಬೇಕು. ಸಕ್ಕರೆ ಸಿಹಿಯನ್ನಷ್ಟೇ ಕೊಡುವುದಿಲ್ಲ. ಬರ್ಫಿಗೆ ಗಾತ್ರ, ಬಿಸ್ಕತ್ತಿಗೆ ಮೈ, ಚಾಕೊಲೇಟಿಗೆ ನುಣುಪು, ಚೂಯಿಂಗ್ ಗಮ್ಮಿಗೆ ಮೆದುತನ ಕೊಡುತ್ತದೆ. ಎಂಟು ಮಿಲಿಗ್ರಾಂ ಸುಕ್ರಲೋಸ್ ಕಾಫಿಯನ್ನು ಸಿಹಿ ಮಾಡಬಲ್ಲದು, ಬರ್ಫಿಯನ್ನು ಕಟ್ಟಲಾರದು. ಹಾಗಾಗಿ ಸಕ್ಕರೆರಹಿತ ಮಿಠಾಯಿಯಲ್ಲಿ ಸಕ್ಕರೆ ಇದ್ದ ಜಾಗವನ್ನು ತುಂಬುವುದು ಪಾಲಿಯಾಲ್. ಎಷ್ಟು ಸಕ್ಕರೆ ಹೋಯಿತೋ ಹೆಚ್ಚುಕಡಿಮೆ ಅಷ್ಟೇ ತೂಕದ ಪಾಲಿಯಾಲ್ ಒಳಗೆ ಬರುತ್ತದೆ.

ಇನ್ನು ಕೆರಳು ಕರುಳು. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಎಂಡೋಸ್ಕೊಪಿ, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವೂ ಸರಿ; ಆದರೂ ನೋವು ನಿಜ. ಐಬಿಎಸ್ ಗುರುತಿಸಲು 2016ರಲ್ಲಿ ಪ್ರಕಟವಾದ ನಾಲ್ಕನೆಯ ರೋಮ್ ಮಾನದಂಡದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಆ ನೋವಿಗೆ ಮಲವಿಸರ್ಜನೆಯೊಂದಿಗೆ, ಅದರ ಸಂಖ್ಯೆಯ ಏರುಪೇರಿನೊಂದಿಗೆ, ಮಲದ ಗಟ್ಟಿತನದ ವ್ಯತ್ಯಾಸದೊಂದಿಗೆ, ಈ ಮೂರರಲ್ಲಿ ಎರಡರೊಂದಿಗಾದರೂ ನಂಟಿರಬೇಕು. ಈ ಬಿಗಿ ಅಳತೆಯಲ್ಲಿ ಅಳೆದಾಗಲೂ ಅನೇಕ ದೇಶಗಳ ಸಮೀಕ್ಷೆಗಳಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ನಾಲ್ವರು ಸಿಗುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಈ ಬೇನೆಯ ಒಳಗುಟ್ಟನ್ನು ತೋರಿದ ಹಳೆಯ ಪ್ರಯೋಗವೊಂದಿದೆ. ಬ್ರಿಟನ್ನಿನ ಸಂಶೋಧಕ ರಿಚಿ 1973ರಲ್ಲಿ ದೊಡ್ಡ ಕರುಳಿನ ಕೆಳಭಾಗದಲ್ಲಿ ಪುಟ್ಟ ಬಲೂನು ಇರಿಸಿ 60 ಮಿಲಿ ಲೀಟರಿನಷ್ಟು ಊದಿದಾಗ ಕೆರಳು ಕರುಳಿನವರಲ್ಲಿ ಶೇ 55 ಮಂದಿಗೆ ನೋವಾಯಿತು. ಆ ಬೇನೆ ಇಲ್ಲದವರಲ್ಲಿ ಶೇ 6 ಮಂದಿಗೆ ಮಾತ್ರ. ಹಿಗ್ಗಿದ್ದು ಒಂದೇ ಅಳತೆ, ನೋವಿನ ಅಳತೆ ಬೇರೆ. ಕರುಳಿನ ನರಗಳು ಮತ್ತು ಮಿದುಳು ಸೇರಿ ಸಾಧಾರಣ ಹಿಗ್ಗುವಿಕೆಯನ್ನೇ ನೋವೆಂದು ಓದಿಕೊಳ್ಳುವ ಈ ಅತಿಸಂವೇದನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಸಿಹಿಕಾರಕಗಳ ಪ್ರಶ್ನೆಯನ್ನು ಬಿಡಿಸಲಾಗದು. ಇನ್ನೊಬ್ಬರು ಗಮನಿಸದೆಯೇ ಜೀರ್ಣಿಸಿಕೊಳ್ಳುವ ಪದಾರ್ಥ ಇವರ ದಿನವನ್ನೇ ಕೆಡಿಸಬಲ್ಲದು. ಅದಕ್ಕೆ ಆ ಪದಾರ್ಥ ವಿಷವಾಗಿರಬೇಕಿಲ್ಲ.

ಪಾಲಿಯಾಲ್ ಕರುಳಿನಲ್ಲಿ ಎರಡು ಕೆಲಸ ಮಾಡುತ್ತದೆ. ಗ್ಲೂಕೋಸನ್ನು ಒಳಗೆಳೆದುಕೊಳ್ಳಲು ಸಣ್ಣ ಕರುಳಿನ ಗೋಡೆಯಲ್ಲಿ ವಾಹಕಗಳಿವೆ, ಸಾರ್ಬಿಟಾಲ್‌ಗೆ ಅಂಥ ವಾಹಕವಿಲ್ಲ. ಅದು ತಾನಾಗಿ, ನಿಧಾನವಾಗಿ, ಅರೆಬರೆಯಾಗಿ ಸೋರಿ ಒಳಸೇರಬೇಕು. ಒಳಸೇರದೆ ಉಳಿದದ್ದು ನೀರನ್ನು ತನ್ನತ್ತ ಎಳೆಯುತ್ತದೆ. ಎಷ್ಟು ನೀರು ಎಂಬುದನ್ನು ಲೆಕ್ಕ ಹಾಕಬಹುದು. 10 ಗ್ರಾಂ ಸಾರ್ಬಿಟಾಲ್‌ನಲ್ಲಿ ಸುಮಾರು 55 ಮಿಲಿಮೋಲ್ ಅಣುಗಳಿವೆ. ದೇಹದ್ರವದ ಸಾಂದ್ರತೆಗೆ ಸರಿಹೊಂದಲು ಅದಕ್ಕೆ ಸುಮಾರು 190 ಮಿಲಿ ಲೀಟರ್ ನೀರು ಬೇಕು. ಒಂದಿಷ್ಟು ಹೀರಿಕೆಯಾಗುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಕಡಿಮೆ ಇರುತ್ತದೆ, ಆದರೆ ಸಣ್ಣ ಕರುಳನ್ನು ಹಿಗ್ಗಿಸಲು ಅಷ್ಟೂ ಬೇಕಿಲ್ಲ. ಎರಡನೆಯ ಕೆಲಸ ದೊಡ್ಡ ಕರುಳಿನಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ಬಂದ ಪಾಲಿಯಾಲ್ ಅನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಉಗುಳುತ್ತವೆ. ಈ ಅನಿಲ ಎಷ್ಟು ನಿಜವೆಂಬುದನ್ನು ವೈದ್ಯಲೋಕ ದುರಂತವೊಂದರಿಂದ ಕಲಿತಿದೆ: ಕೊಲೊನೊಸ್ಕೊಪಿಗೆ ಮುನ್ನ ಕರುಳು ಶುದ್ಧಿಗೆಂದು ಮ್ಯಾನಿಟಾಲ್ ಕುಡಿಸುತ್ತಿದ್ದ ಕಾಲದಲ್ಲಿ, ವಿದ್ಯುತ್ ತಂತಿಯಿಂದ ಗಂಟು ಕತ್ತರಿಸುವಾಗ ಕಿಡಿ ತಾಗಿ ಕರುಳೊಳಗಿನ ಅನಿಲ ಸ್ಫೋಟಿಸಿ ರೋಗಿ ಸತ್ತ ಪ್ರಕರಣ 1979ರಲ್ಲಿ ವರದಿಯಾಯಿತು. ಹುದುಗುವಿಕೆಗೆ ಇನ್ನೊಂದು ಮುಖವೂ ಇದೆ. ಅದರಿಂದ ಹುಟ್ಟುವ ಕಿರು ಕೊಬ್ಬಿನಾಮ್ಲಗಳನ್ನು ಕರುಳು ಹೀರಿಕೊಳ್ಳುತ್ತದೆ, ಜೊತೆಗೆ ನೀರನ್ನೂ ಮರಳಿ ಪಡೆಯುತ್ತದೆ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಬರೀ ಗ್ಯಾಸು, ಉಬ್ಬರ. ಕರುಳಿನ ಈ ಸಾಮರ್ಥ್ಯ ಮೀರಿದಾಗ ಭೇದಿ. ಮಲಬದ್ಧತೆಗೆ ಸಾರ್ಬಿಟಾಲ್, ಲ್ಯಾಕ್ಟಿಟಾಲ್‌ಗಳನ್ನು ಔಷಧಿಯಾಗಿಯೇ ಕೊಡುವುದು ಈ ಗುಣಕ್ಕಾಗಿ.

ಮನುಷ್ಯರ ಮೇಲಿನ ಪುರಾವೆಯೂ ಇದಕ್ಕೆ ಒಪ್ಪುತ್ತದೆ. 1983ರಲ್ಲಿ ಹೈಮ್ಸ್ ಎಂಬ ವೈದ್ಯರು ಆರೋಗ್ಯವಂತ ಸ್ವಯಂಸೇವಕರಿಗೆ ಸಾರ್ಬಿಟಾಲ್ ಕೊಟ್ಟು ನೋಡಿದಾಗ 10 ಗ್ರಾಂಗೆ ಗ್ಯಾಸು ಮತ್ತು ಉಬ್ಬರ, 20 ಗ್ರಾಂಗೆ ನುಲಿತ ಮತ್ತು ಭೇದಿ ಕಾಣಿಸಿಕೊಂಡವು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ವೈದ್ಯರು 2008ರಲ್ಲಿ ಪ್ರಕಟಿಸಿದ ಎರಡು ಪ್ರಕರಣಗಳು ಇನ್ನೂ ಕಣ್ಣು ತೆರೆಸುವಂಥವು. ಎಂಟು ತಿಂಗಳಿಂದ ಭೇದಿ, 11 ಕಿಲೋ ತೂಕ ಇಳಿತ ಎಂದು ಬಂದ 21 ವರ್ಷದ ಯುವತಿಗೆ ಪರೀಕ್ಷೆಗಳೆಲ್ಲ ಮುಗಿದರೂ ರೋಗ ಸಿಗಲಿಲ್ಲ. ವಿಚಾರಿಸಿದಾಗ ತಿಳಿದದ್ದು, ಆಕೆ ಜಗಿಯುತ್ತಿದ್ದ ಸಕ್ಕರೆರಹಿತ ಗಮ್ಮಿನಿಂದ ದಿನಕ್ಕೆ 18ರಿಂದ 20 ಗ್ರಾಂ ಸಾರ್ಬಿಟಾಲ್ ಒಳಹೋಗುತ್ತಿತ್ತು. ಇನ್ನೊಬ್ಬ, 46 ವರ್ಷದ ವ್ಯಕ್ತಿ, 22 ಕಿಲೋ ಇಳಿದಿದ್ದ. ಗಮ್ ಮತ್ತು ಸಕ್ಕರೆರಹಿತ ಸಿಹಿಗಳಿಂದ ಅವನ ದಿನದ ಮೊತ್ತ ಸುಮಾರು 30 ಗ್ರಾಂ. ಬಿಟ್ಟೊಡನೆ ಇಬ್ಬರೂ ಸರಿಹೋದರು. ಒಂದು ಗಮ್ಮಿನಲ್ಲಿ ಒಂದೂಕಾಲು ಗ್ರಾಮಿನಷ್ಟು ಸಾರ್ಬಿಟಾಲ್ ಮಾತ್ರ; ಯಾರೂ ಅದನ್ನು ಆಹಾರವೆಂದೇ ಎಣಿಸುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಇವರಿಬ್ಬರಿಗೂ ಐಬಿಎಸ್ ಇತ್ತೆಂದಲ್ಲ. ಇಷ್ಟು ಪ್ರಮಾಣ ಯಾರ ಕರುಳನ್ನಾದರೂ ಕೆಡಿಸಬಲ್ಲದು ಎಂಬುದಕ್ಕೆ ಇವು ಸಾಕ್ಷಿ. ಕೆರಳು ಕರುಳಿನವರ ಪ್ರಶ್ನೆಗೆ ಉತ್ತರ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಿಂದ 2014ರಲ್ಲಿ ಬಂತು. ಅಲ್ಲಿನವರು ಐಬಿಎಸ್ ಇರುವ 20 ಮಂದಿಗೂ ಆರೋಗ್ಯವಂತರಾದ 21 ಮಂದಿಗೂ ತಲಾ 10 ಗ್ರಾಂ ಸಾರ್ಬಿಟಾಲ್, ಮತ್ತೆ ಮ್ಯಾನಿಟಾಲ್ ಕೊಟ್ಟು ಹೀರಿಕೆಯಾಗದೆ ಹುದುಗಿದ್ದರ ಸುಳಿವು ಕೊಡುವ ಉಸಿರಿನ ಹೈಡ್ರೋಜನ್ ಅಳೆದರು. ಎರಡರಿಂದಲೂ ತೊಂದರೆ ಹೆಚ್ಚಾದದ್ದು ಐಬಿಎಸ್ ಗುಂಪಿಗೆ ಮಾತ್ರ. ಕುತೂಹಲದ ಸಂಗತಿಯೆಂದರೆ, ಯಾರಲ್ಲಿ ಎಷ್ಟು ಹೀರಿಕೆಯಾಗದೆ ಉಳಿಯಿತು ಎಂಬುದಕ್ಕೂ ಯಾರಿಗೆ ಎಷ್ಟು ನೋವಾಯಿತು ಎಂಬುದಕ್ಕೂ ತಾಳೆಯಾಗಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಇನ್ಯುಲಿನ್ ಎಂಬ ಹುದುಗುವ ನಾರನ್ನು ಕೊಟ್ಟು ಎಂಆರ್‌ಐ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಅನಿಲದ ಮೊತ್ತ ಎರಡೂ ಗುಂಪುಗಳಲ್ಲಿ ಒಂದೇ, ನೋವು ಮಾತ್ರ ಐಬಿಎಸ್‌ನವರಲ್ಲಿ ಹೆಚ್ಚು. ರಿಚಿಯ ಬಲೂನನ್ನು ಇಲ್ಲಿ ಬ್ಯಾಕ್ಟೀರಿಯಾಗಳೇ ಊದಿದಂತಾಯಿತು.

ಪಾಲಿಯಾಲ್‌ಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಎರಿಥ್ರಿಟಾಲ್ ಅಣು ಚಿಕ್ಕದು. ಅದರ ಸುಮಾರು ಶೇ 90 ಭಾಗ ಸಣ್ಣ ಕರುಳಿನಲ್ಲೇ ಹೀರಿಕೆಯಾಗಿ, ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ದೊಡ್ಡ ಕರುಳಿಗೆ ತಲುಪುವುದು ಸ್ವಲ್ಪವಾದ್ದರಿಂದ ಅದನ್ನು ಹೆಚ್ಚಿನವರು ತಾಳಿಕೊಳ್ಳುತ್ತಾರೆ, ಆದರೆ ಫ್ರಕ್ಟೋಸ್ ಜೊತೆ ಸೇರಿದಾಗ ಅದು ಫ್ರಕ್ಟೋಸ್‌ನ ಹೀರಿಕೆಗೆ ಅಡ್ಡಿಯಾಗಬಹುದು. (ಎರಿಥ್ರಿಟಾಲ್‌ಗೂ ಹೃದಯಾಘಾತಕ್ಕೂ ನಂಟಿರಬಹುದೆಂದು 2023ರಲ್ಲಿ ಎದ್ದ ಚರ್ಚೆ ಬೇರೆ ಲೆಕ್ಕದ್ದು, ಆಸ್ಪರ್ಟೇಮ್ ಮತ್ತು ಕ್ಯಾನ್ಸರ್ ಕುರಿತ ಚರ್ಚೆಯೂ ಹಾಗೆಯೇ.) ಸಕ್ಕರೆಯಷ್ಟೇ ಸಿಹಿಯಾದ ಜೈಲಿಟಾಲ್ ಅರ್ಧದಷ್ಟು ಹೀರಿಕೆಯಾಗುತ್ತದೆ. ಚಾಕೊಲೇಟಿನಲ್ಲಿ ಹೆಚ್ಚು ಕಾಣುವ ಮಾಲ್ಟಿಟಾಲ್ ಕರುಳಿನಲ್ಲಿ ಭಾಗಶಃ ಒಡೆದು ಗ್ಲೂಕೋಸ್ ಮತ್ತು ಸಾರ್ಬಿಟಾಲ್ ಆಗುತ್ತದೆ. ಅಂದರೆ ಅದು ರಕ್ತದ ಸಕ್ಕರೆಯನ್ನೂ ಒಂದಿಷ್ಟು ಏರಿಸುತ್ತದೆ, ಹೊಟ್ಟೆಯನ್ನೂ ಕಾಡುತ್ತದೆ. ಊಟದ ಜೊತೆ ಗಟ್ಟಿ ಪದಾರ್ಥವಾಗಿ ತಿಂದದ್ದಕ್ಕಿಂತ ಖಾಲಿ ಹೊಟ್ಟೆಗೆ ದ್ರವವಾಗಿ ಕುಡಿದದ್ದು ಬೇಗ ತೊಂದರೆ ಕೊಡುತ್ತದೆ.

ತೀವ್ರ ಸಿಹಿಕಾರಕಗಳತ್ತ ಬಂದರೆ ಚಿತ್ರ ಬದಲಾಗುತ್ತದೆ. ಒಂದು ಚಮಚ ಸಕ್ಕರೆಯ ಸಿಹಿಗೆ ಸುಕ್ರಲೋಸ್ ಎಂಟು ಮಿಲಿಗ್ರಾಂ ಸಾಕು. ಅದರಲ್ಲಿ ಸುಮಾರು ಶೇ 85 ಭಾಗ ಹೀರಿಕೆಯಾಗದೆ ಮಲದಲ್ಲಿ ಹೋಗುತ್ತದೆ ನಿಜ, ಆದರೆ ಅಷ್ಟೂ ಕರುಳಿನಲ್ಲೇ ಉಳಿಯಿತೆಂದರೂ ಅದು ಹಿಡಿದಿಡಬಲ್ಲ ನೀರು ಒಂದೆರಡು ಹನಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಸುಕ್ರಲೋಸ್‌ಗೆ ವಿಧಿಸಿರುವ ದಿನದ ಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ. 60 ಕಿಲೋ ತೂಕದವರು ಆ ಮಿತಿಯನ್ನು ಮುಟ್ಟಿದರೂ ಒಂದು ಗ್ರಾಂ ಆಗುವುದಿಲ್ಲ. ಆಸ್ಪರ್ಟೇಮ್‌ನ ಮಿತಿ 40 ಮಿಲಿಗ್ರಾಂ, ಆದರೆ ಅದು ದೊಡ್ಡ ಕರುಳನ್ನು ತಲುಪುವುದೇ ಇಲ್ಲ. ಸಣ್ಣ ಕರುಳಿನಲ್ಲೇ ಎರಡು ಅಮೈನೋ ಆಮ್ಲಗಳಾಗಿ, ಒಂದಿಷ್ಟು ಮೆಥನಾಲ್ ಆಗಿ ಒಡೆದು ಒಳಸೇರುತ್ತದೆ. (ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆಯವರಿಗೆ ಮಾತ್ರ ಇದು ವರ್ಜ್ಯ.) ಅಸಿಸಲ್ಫೇಮ್ ಪೂರ್ತಿಯಾಗಿ, ಸ್ಯಾಕರಿನ್ ಬಹುಪಾಲು ಹೀರಿಕೆಯಾಗಿ ಮೂತ್ರದಲ್ಲಿ ಹೋಗುತ್ತವೆ. ನೀರೆಳೆದು, ಅನಿಲ ಹುಟ್ಟಿಸಿ ಕರುಳನ್ನು ಹಿಗ್ಗಿಸುವ ದಾರಿ ಇವಕ್ಕೆ ಮುಚ್ಚಿದೆ. ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಹೊರಡಿಸಿದ ಐಬಿಎಸ್ ಮಾರ್ಗಸೂಚಿ ಭೇದಿಯಿರುವವರಿಗೆ ಬಿಡಲು ಹೇಳಿದ್ದು ಸಾರ್ಬಿಟಾಲ್ ಅನ್ನು; ಅದನ್ನು ಕೃತಕ ಸಿಹಿಕಾರಕವೆಂದು ಕರೆಯಿತಾದರೂ ಆಸ್ಪರ್ಟೇಮ್‌ನ ಹೆಸರೆತ್ತಲಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಅನುಭವದಿಂದ ಬರುತ್ತದೆ. ಡಯಟ್ ಕೋಲಾ ಕುಡಿದರೆ, ಕಾಫಿಗೆ ಸಿಹಿಕಾರಕದ ಮಾತ್ರೆ ಹಾಕಿಕೊಂಡರೆ ಹೊಟ್ಟೆ ಕೆಡುತ್ತದೆ ಎನ್ನುವವರು ಬೇಕಾದಷ್ಟಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಲೋಟದಲ್ಲಿ ಇರುವುದು ಸಿಹಿಕಾರಕ ಒಂದೇ ಅಲ್ಲ. ಕೋಲಾದಲ್ಲಿ ಕರಗಿದ ಅನಿಲವೂ ಕೆಫೀನೂ ಇವೆ. ಕಾಫಿ, ಹಾಲು ಸೇರದಿದ್ದರೂ, ಹಲವರಲ್ಲಿ ದೊಡ್ಡ ಕರುಳನ್ನು ಚುರುಕುಗೊಳಿಸುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಹಾಲು ಸೇರಿದಾಗ, ದಕ್ಷಿಣ ಭಾರತದ ವಯಸ್ಕರಲ್ಲಿ ಬಹು ಸಾಮಾನ್ಯವಾದ ಲ್ಯಾಕ್ಟೋಸ್ ಜೀರ್ಣವಾಗದಿರುವ ಸಮಸ್ಯೆಯೂ ಸೇರುತ್ತದೆ. ಪುಡಿಯಲ್ಲಿರುವ ಚಿಕೋರಿ ಮೂಲತಃ ಇನ್ಯುಲಿನ್ ತುಂಬಿದ ಬೇರು. ಹುರಿದಾಗ ಅದರ ದೊಡ್ಡ ಪಾಲು ಒಡೆದುಹೋಗುತ್ತದೆ, ಎಲ್ಲವೂ ಅಲ್ಲ. ಇವೆಲ್ಲಕ್ಕಿಂತ ದೊಡ್ಡ ಗೊಂದಲ ಔಷಧಿ ಡಬ್ಬಿಯದು. ಶುಗರ್ ಫ್ರೀ ಕೊಳ್ಳುವವರಲ್ಲಿ ಸಕ್ಕರೆ ಕಾಯಿಲೆಯವರು ಬಹಳ ಮಂದಿ. ಅವರಿಗೆ ಮೊದಲು ಬರೆಯುವ ಔಷಧಿ ಮೆಟ್‌ಫಾರ್ಮಿನ್, ಅದರ ಪ್ರಸಿದ್ಧ ಅಡ್ಡಪರಿಣಾಮ ಭೇದಿ. ಭಾರತದಲ್ಲಿ ಧಾರಾಳವಾಗಿ ಬರೆಯುವ ವೋಗ್ಲಿಬೋಸ್ ಕೆಲಸ ಮಾಡುವುದೇ ಪಿಷ್ಟ, ಸಕ್ಕರೆಗಳು ಸಣ್ಣ ಕರುಳಿನಲ್ಲಿ ಬೇಗ ಒಡೆಯದಂತೆ ತಡೆದು. ಹಾಗೆ ಉಳಿದದ್ದು ದೊಡ್ಡ ಕರುಳಿಗಿಳಿದು ಗ್ಯಾಸಾಗುತ್ತದೆ. ಸಕ್ಕರೆ ಕಾಯಿಲೆ ಪತ್ತೆಯಾದ ವಾರದಲ್ಲೇ ಔಷಧಿಯೂ ಶುರು, ಸಿಹಿಕಾರಕವೂ ಶುರು. ಹೊಟ್ಟೆ ಕೆಟ್ಟಾಗ ದೂರು ಹೋಗುವುದು ಸಿಹಿಕಾರಕದ ಮೇಲೆ, ಏಕೆಂದರೆ ವೈದ್ಯರು ಬರೆದದ್ದನ್ನು ಅನುಮಾನಿಸುವುದು ನಮ್ಮಲ್ಲಿ ರೂಢಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹಿಗ್ಗಿಸುವುದೊಂದೇ ದಾರಿಯೇ? ಮಿಲಿಗ್ರಾಂ ಪ್ರಮಾಣದ ವಸ್ತುವೂ ಕರುಳಿನ ಬ್ಯಾಕ್ಟೀರಿಯಾ ಸಮುದಾಯವನ್ನು ಬದಲಿಸಬಹುದಲ್ಲ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2014ರಲ್ಲಿ ಸ್ಯಾಕರಿನ್ ತಿಂದ ಇಲಿಗಳಲ್ಲಿ ಇದನ್ನು ತೋರಿಸಿದರು. ಅದೇ ತಂಡ 2022ರಲ್ಲಿ 120 ಆರೋಗ್ಯವಂತ ವಯಸ್ಕರಿಗೆ ಎರಡು ವಾರ ಸ್ಯಾಕರಿನ್, ಸುಕ್ರಲೋಸ್, ಆಸ್ಪರ್ಟೇಮ್, ಸ್ಟೀವಿಯಾಗಳನ್ನು ದಿನದ ಮಿತಿಗಿಂತ ಕಡಿಮೆ ಪ್ರಮಾಣದಲ್ಲಿ ಹಂಚಿ ಕೊಟ್ಟು ನೋಡಿತು: ನಾಲ್ಕೂ ಬ್ಯಾಕ್ಟೀರಿಯಾ ಸಮುದಾಯದ ಮೇಲೆ ಗುರುತು ಬಿಟ್ಟವು, ಮೊದಲೆರಡು ರಕ್ತದ ಸಕ್ಕರೆಯ ಹತೋಟಿಯನ್ನೂ ಸ್ವಲ್ಪ ಕೆಡಿಸಿದವು, ಅದೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ ಬೇರೆ ಮಟ್ಟದಲ್ಲಿ. ಆದ್ದರಿಂದ ತೀವ್ರ ಸಿಹಿಕಾರಕಗಳು ಕರುಳಿಗೆ ಏನೂ ಮಾಡದೆ ಹಾದುಹೋಗುತ್ತವೆ ಎಂಬ ಹಳೆಯ ಮಾತನ್ನು ಇನ್ನು ಹೇಳುವಂತಿಲ್ಲ. ಆದರೆ ಇಲ್ಲಿಂದ ಕೆರಳು ಕರುಳಿಗೆ ಹಾರುವುದು ದೊಡ್ಡ ಜಿಗಿತ. ಆ ಪ್ರಯೋಗದವರಿಗೆ ಐಬಿಎಸ್ ಇರಲಿಲ್ಲ, ಅಲ್ಲಿ ಅಳೆದದ್ದು ಮುಖ್ಯವಾಗಿ ಸಕ್ಕರೆಯ ಹತೋಟಿಯನ್ನು, ಹೊಟ್ಟೆನೋವನ್ನಲ್ಲ. ಬ್ಯಾಕ್ಟೀರಿಯಾ ಬದಲಾದರೆ ಲಕ್ಷಣವೂ ಹೆಚ್ಚುತ್ತದೆ ಎನ್ನಲು ಬೇರೆಯೇ ಪುರಾವೆ ಬೇಕು. ಸುಕ್ರಲೋಸ್ ಇರುವ ಸಿಹಿಕಾರಕ ಕರುಳಿನ ಉರಿಯೂತಕ್ಕೆ ಕುಮ್ಮಕ್ಕು ಕೊಡುತ್ತದೆಂದು 2018ರಲ್ಲಿ ವರದಿಯಾದದ್ದು ಕ್ರೋನ್ಸ್ ಕಾಯಿಲೆಯಂಥ ಉರಿಯೂತಕ್ಕೆಂದೇ ಬೆಳೆಸಿದ ಇಲಿಗಳಲ್ಲಿ. ಕ್ರೋನ್ಸ್ ಕರುಳನ್ನು ಹುಣ್ಣಾಗಿಸುವ ರೋಗ, ಐಬಿಎಸ್ ಹಾಗಲ್ಲ. ಇನ್ನು, ನಾಲಿಗೆಯ ಮೇಲಿರುವಂಥ ಸಿಹಿ ಗ್ರಾಹಕಗಳು ಕರುಳಿನಲ್ಲೂ ಇವೆ, ಸುಕ್ರಲೋಸ್ ಅವನ್ನು ತಟ್ಟಿ ಜಠರದ ಕೆಲಸವನ್ನು ನಿಧಾನಿಸುವ ಹಾರ್ಮೋನು ಹೊಮ್ಮಿಸಬಹುದು ಎಂಬ ವಾದ. ಪ್ರಯೋಗಶಾಲೆಯ ಕೋಶಗಳಲ್ಲಿ ಅದು ಸರಿ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಮನುಷ್ಯರ ಜಠರಕ್ಕೆ ನೇರವಾಗಿ ಸುಕ್ರಲೋಸ್ ಹಾಯಿಸಿ ನೋಡಿದಾಗ ಆ ಹಾರ್ಮೋನು ಏರಲಿಲ್ಲ, ಜಠರ ಖಾಲಿಯಾಗುವ ವೇಗವೂ ತಗ್ಗಲಿಲ್ಲ. ಪ್ರಶ್ನೆ ಮುಗಿಯಿತೆಂದಲ್ಲ, ಆದರೆ ಸಾರ್ಬಿಟಾಲ್‌ನ ವಿರುದ್ಧವಿರುವ ಪುರಾವೆಯ ಪಕ್ಕದಲ್ಲಿ ಇಟ್ಟರೆ ಇದು ತೀರ ತೆಳು.

ಸಹಜವಾದದ್ದು ಹೊಟ್ಟೆಗೆ ಹಿತ ಎಂಬ ನಂಬಿಕೆಗೆ ಮಾತ್ರ ಯಾವ ಆಧಾರವೂ ಇಲ್ಲ. ಈ ಸಿಹಿಕಾರಕಗಳಲ್ಲಿ ಕರುಳನ್ನು ಹೆಚ್ಚು ಕಾಡುವ ಸಾರ್ಬಿಟಾಲ್ ಹಣ್ಣಿನಲ್ಲಿಯೇ ಇದೆ. ಒಂದು ಲೋಟ ಪೇರ್ ರಸದಲ್ಲಿ ಅದರ ಜೊತೆಗೆ ಹೆಚ್ಚುವರಿ ಫ್ರಕ್ಟೋಸೂ ಇದ್ದು, ಎರಡೂ ಕೂಡಿದಾಗ ತೊಂದರೆ ಇನ್ನಷ್ಟು. ಪರಾಗ್ವೆ ಮೂಲದ ಸ್ಟೀವಿಯಾ ಎಲೆಯ ಸಿಹಿ ಅಂಶವೂ ಮಿಲಿಗ್ರಾಂ ಗುಂಪಿನದೇ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದರ ಗ್ಲೂಕೋಸ್ ಕಳಚಿದ ಮೇಲೆ ಉಳಿದದ್ದು ಹೀರಿಕೆಯಾಗಿ ಮೂತ್ರದಲ್ಲಿ ಹೋಗುತ್ತದೆ. ಆದರೆ 'ಸ್ಟೀವಿಯಾ' ಎಂದು ಮಾರುವ ಪೊಟ್ಟಣದೊಳಗೆ ಗಾತ್ರಕ್ಕೆಂದು ಎರಿಥ್ರಿಟಾಲ್, ಲ್ಯಾಕ್ಟೋಸ್ ಅಥವಾ ಇನ್ಯುಲಿನ್ ಬೆರೆಸಿರುವುದುಂಟು. ಬೆಲ್ಲಕ್ಕೆ ಮರಳುವವರದು ಇನ್ನೊಂದು ಬಗೆ. ಬೆಲ್ಲದ ಬಹುಪಾಲು ಸುಕ್ರೋಸೇ. ಹೆಚ್ಚಿನವರಲ್ಲಿ ಅದು ಸಣ್ಣ ಕರುಳಿನಲ್ಲೇ ಪೂರ್ತಿ ಒಡೆದು ಹೀರಿಕೆಯಾಗುವುದರಿಂದ ಕರುಳನ್ನು ಕೆರಳಿಸುವುದಿಲ್ಲ, ಸಕ್ಕರೆ ಕಾಯಿಲೆಗೆ ಮಾತ್ರ ಅದರಿಂದ ರಿಯಾಯಿತಿ ಸಿಗದು. ಆದರೆ ಸುಕ್ರೋಸ್ ಒಡೆಯುವ ಕಿಣ್ವದ ಜೀನ್‌ನಲ್ಲಿ ದೋಷವಿರುವ ಕೆಲವರು ಐಬಿಎಸ್ ಹಣೆಪಟ್ಟಿಯಡಿ ಅಡಗಿರುತ್ತಾರೆ ಎಂಬುದು ಇತ್ತೀಚಿನ ಅಧ್ಯಯನಗಳಿಂದ ತಿಳಿದಿದೆ. ಅವರ ಪಾಲಿಗೆ ಸಕ್ಕರೆಯೇ ಸಾರ್ಬಿಟಾಲ್‌ನಂತೆ ವರ್ತಿಸುತ್ತದೆ.

ಹಾಗಾದರೆ ಒಬ್ಬ ವ್ಯಕ್ತಿಗೆ ಯಾವುದು ಆಗದು ಎಂದು ತಿಳಿಯುವುದು ಹೇಗೆ? ಮೊನಾಶ್‌ನ ಪೀಟರ್ ಗಿಬ್ಸನ್ ಮತ್ತು ಸೂ ಶೆಪರ್ಡ್ 2005ರಲ್ಲಿ ಮುಂದಿಟ್ಟ ಫಾಡ್‌ಮ್ಯಾಪ್ ಪರಿಕಲ್ಪನೆ ಪಾಲಿಯಾಲ್‌ಗಳನ್ನು ಲ್ಯಾಕ್ಟೋಸ್, ಹೆಚ್ಚುವರಿ ಫ್ರಕ್ಟೋಸ್, ಈರುಳ್ಳಿ ಬೆಳ್ಳುಳ್ಳಿ ಗೋಧಿಗಳ ಫ್ರಕ್ಟಾನ್, ಬೇಳೆಕಾಳುಗಳ ಗ್ಯಾಲಕ್ಟಾನ್‌ಗಳ ಜೊತೆ ಒಂದೇ ಕುಟುಂಬದಲ್ಲಿ ಇಡುತ್ತದೆ. ಇದರಲ್ಲಿ ಒಂದು ಪಾಠವಿದೆ: ತೊಗರಿಬೇಳೆ ಹುಳಿ, ಈರುಳ್ಳಿ ಒಗ್ಗರಣೆ, ಚಪಾತಿ, ಮಜ್ಜಿಗೆಯ ಊಟದಲ್ಲಿ ಹುದುಗುವ ಪದಾರ್ಥ ಆಗಲೇ ಇಷ್ಟಿರುತ್ತದೆ, ಅದರ ಮೇಲೆ ಬಂದ ಎರಡು ಸಕ್ಕರೆರಹಿತ ಬರ್ಫಿ ಕೊನೆಯ ಹೊರೆಯಾಗಿರಬಹುದು, ಇಡೀ ಹೊರೆಯಲ್ಲ. ಫಾಡ್‌ಮ್ಯಾಪ್ ಪಥ್ಯದ ಕ್ರಮವೂ ಮೂರು ಹಂತದ್ದು: ಕೆಲವು ವಾರ ಎಲ್ಲವನ್ನೂ ತಗ್ಗಿಸುವುದು, ಆಮೇಲೆ ಒಂದೊಂದನ್ನೇ ಮರಳಿ ತಿಂದು ನೋಡುವುದು, ಆಗುವುದನ್ನೆಲ್ಲ ಉಳಿಸಿಕೊಳ್ಳುವುದು. ಜನ ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ. ಅದು ಬೇಳೆಯನ್ನೇ ನಂಬಿದ ಸಸ್ಯಾಹಾರಿಗೆ ಪೌಷ್ಟಿಕಾಂಶದ ಕೊರತೆ ತರಬಲ್ಲದು. ಮರಳಿ ತಿಂದು ನೋಡುವ ಹಂತ ಬೇಕಾಗುವುದು ಇನ್ನೊಂದು ಕಾರಣಕ್ಕೂ. ಹೆದರಿಕೆಯೇ ನೋವು ತರಿಸಬಲ್ಲದು. ಓಸ್ಲೊದಲ್ಲಿ ಗೋಧಿಯ ಗ್ಲುಟೆನ್ ತಮಗಾಗದು ಎಂದು ಬಲವಾಗಿ ನಂಬಿದ್ದ 59 ಮಂದಿಗೆ ಏನಿದೆಯೆಂದು ಹೇಳದೆ ಗ್ಲುಟೆನ್, ಫ್ರಕ್ಟಾನ್, ಏನೂ ಇಲ್ಲದ ತಿನಿಸುಗಳನ್ನು ಸರದಿಯಂತೆ ಕೊಟ್ಟಾಗ ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಗ್ಲುಟೆನ್‌ಗೂ ಖಾಲಿ ತಿನಿಸಿಗೂ ವ್ಯತ್ಯಾಸ ಕಾಣಲಿಲ್ಲ. ಸಿಹಿಕಾರಕದ ವಿಷಯದಲ್ಲೂ ಮನೆಯವರೊಬ್ಬರು ಸಕ್ಕರೆ ಅಥವಾ ಸಿಹಿಕಾರಕದ ಮಾತ್ರೆ ಯಾವುದೆಂದು ತಿಳಿಸದೆ ಹಾಕಿಕೊಟ್ಟು ಕೆಲವು ದಿನ ಬರೆದಿಡುವುದು ಬೆಲೆಬಾಳುವ ಪರೀಕ್ಷೆ, ಸಕ್ಕರೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿ ಮಾಡಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿತ, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಇವು ಇದ್ದರೆ ಪಥ್ಯದ ಪ್ರಯೋಗಕ್ಕೆ ಮೊದಲು ತಪಾಸಣೆ.

ಇಷ್ಟಕ್ಕೂ ಪರೀಕ್ಷೆ ಮಾಡಲು ಪದಾರ್ಥದಲ್ಲಿ ಏನಿದೆಯೆಂದು ಗೊತ್ತಿರಬೇಕು. ಅಮೆರಿಕದ ನಿಯಮ ಭೇದಿಯ ಎಚ್ಚರಿಕೆ ಕೇಳುವುದು ದಿನಕ್ಕೆ 50 ಗ್ರಾಂ ಸಾರ್ಬಿಟಾಲ್ ಅಥವಾ 20 ಗ್ರಾಂ ಮ್ಯಾನಿಟಾಲ್ ಹೊಟ್ಟೆ ಸೇರಬಹುದಾದ ಪದಾರ್ಥಕ್ಕೆ. 10 ಗ್ರಾಂಗೇ ನರಳುವವರಿಗೆ ಆ ರೇಖೆ ತೀರ ಎತ್ತರದಲ್ಲಿದೆ. ಯುರೋಪಿನಲ್ಲೂ ಭಾರತದಲ್ಲೂ ಮಾನದಂಡ ಶೇಕಡಾವಾರು: ಪದಾರ್ಥದಲ್ಲಿ ಪಾಲಿಯಾಲ್ ಶೇ 10ರ ಗಡಿ ಮುಟ್ಟಿದರೆ ಎಚ್ಚರಿಕೆ ಇರಬೇಕು. ಇದು ಮೇಲು, ಆದರೂ ತಿನ್ನುವವರಿಗೆ ಬೇಕಾದದ್ದು ಒಂದು ತುಂಡಿನಲ್ಲಿ ಎಷ್ಟು ಗ್ರಾಂ ಎಂಬ ಸಂಖ್ಯೆ. ಅದು ಇಲ್ಲದಿದ್ದಾಗ ಪೊಟ್ಟಣದ ಮೇಲೆ ಆಹಾರ ಸೇರ್ಪಡೆಗಳನ್ನು ಗುರುತಿಸುವ ಐಎನ್‌ಎಸ್ ಸಂಖ್ಯೆಗಳೇ ಗತಿ: 420 ಸಾರ್ಬಿಟಾಲ್, 421 ಮ್ಯಾನಿಟಾಲ್, 953 ಐಸೊಮಾಲ್ಟ್, 965 ಮಾಲ್ಟಿಟಾಲ್, 966 ಲ್ಯಾಕ್ಟಿಟಾಲ್, 967 ಜೈಲಿಟಾಲ್; 950, 951, 954, 955 ಎಂದಿದ್ದರೆ ಅದು ಮಿಲಿಗ್ರಾಂ ಗುಂಪು. ಪೊಟ್ಟಣದ ತಿಂಡಿಗಾದರೂ ಈ ನಿಯಮವುಂಟು, ತಟ್ಟೆಯಲ್ಲಿಟ್ಟು ತೂಗಿ ಕೊಡುವ ಶುಗರ್ ಫ್ರೀ ಮಿಠಾಯಿಯಲ್ಲಿ ಏನಿದೆಯೆಂದು ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ಮೂಲ ಔಷಧಿ. ಕೆಮ್ಮಿನ ಸಿರಪ್, ಆಂಟಾಸಿಡ್, ಜ್ವರದ ದ್ರವ, ಸಕ್ಕರೆರಹಿತ ಟಾನಿಕ್‌ಗಳಲ್ಲಿ ಸಿಹಿಗೂ ಮಂದತೆಗೂ ಸಾರ್ಬಿಟಾಲ್ ಬಳಸುತ್ತಾರೆ. ಕೊಳವೆಯಿಂದ ಆಹಾರ ಪಡೆಯುವ ರೋಗಿಗಳ ಭೇದಿಗೆ ಎಲ್ಲರೂ ಆಹಾರವನ್ನೇ ದೂರುತ್ತಿದ್ದ ಕಾಲದಲ್ಲಿ, 1990ರ ಅಮೆರಿಕದ ಅಧ್ಯಯನವೊಂದು ಬಹಳ ಮಂದಿಯಲ್ಲಿ ನಿಜವಾದ ಕಾರಣ ದ್ರವ ಔಷಧಿಗಳಲ್ಲಿದ್ದ ಸಾರ್ಬಿಟಾಲ್ ಎಂದು ತೋರಿಸಿತ್ತು. ನಮ್ಮಲ್ಲಿ ಅನೇಕ ಸಿರಪ್ಪುಗಳ ಮೇಲೆ ಸಾರ್ಬಿಟಾಲ್ ಬೇಸ್ ಎಂಬ ಮಾತಷ್ಟೇ ಇರುತ್ತದೆ, ಪ್ರಮಾಣ ಇರುವುದಿಲ್ಲ. ಅದೇ ಔಷಧಿ ನುಂಗುವ ಮಾತ್ರೆಯ ರೂಪದಲ್ಲಿ ಸಿಗುವುದಾದರೆ ಕೆರಳು ಕರುಳಿನವರು ಅದನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು.